ಸಾಕ್ಷಿಕಟ್ಟೆಯೇರದ ಹೆಂಡತಿ: ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ದಾಂಪತ್ಯವೂ ಕಾದಂಬರಿಯೂ



1836ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಲಂಡನ್ನಿನ ನ್ಯಾಯಸ್ಥಾನವೊಂದರಲ್ಲಿ ನಡೆದ ಒಂದು ವ್ಯಾಜ್ಯದಿಂದ ನನ್ನ ಮಾತನ್ನು ಆರಂಭಿಸಲು ತಮ್ಮ ಅಪ್ಪಣೆಯನ್ನು ಬೇಡುತ್ತೇನೆ. ವಾದಿ ಜಾರ್ಜ್ ನಾರ್ಟನ್ ಎಂಬ ಕುಲೀನ ಮನೆತನದ ವಕೀಲ. ಪ್ರತಿವಾದಿ, ಆಗ ಇಂಗ್ಲೆಂಡಿನ ಪ್ರಧಾನಮಂತ್ರಿಯಾಗಿದ್ದ ಲಾರ್ಡ್ ಮೆಲ್ಬರ್ನ್. ಪ್ರಧಾನಿಯು ತನ್ನ ಹೆಂಡತಿಯೊಡನೆ ವ್ಯಭಿಚಾರ ನಡೆಸಿ ತನಗೆ ನಷ್ಟವುಂಟುಮಾಡಿದನೆಂದೂ, ಆ ನಷ್ಟಕ್ಕೆ 10,000 ಪೌಂಡುಗಳ ಪರಿಹಾರ ದೊರೆಯಬೇಕೆಂದೂ ವಾದಿಯ ಬೇಡಿಕೆ. ಕೆಲಸದಿಂದ ತೆಗೆದುಹಾಕಲ್ಪಟ್ಟಿದ್ದ ಸೇವಕರು ಬಂದು ತಾವು ಕಂಡೆವೆಂದು ಹೇಳಿಕೊಂಡದ್ದನ್ನೆಲ್ಲ ಪ್ರಮಾಣಪೂರ್ವಕವಾಗಿ ನುಡಿದರು. ಉಭಯಪಕ್ಷದ ನ್ಯಾಯವಾದಿಗಳು ತಮ್ಮ ವಾಕ್ಪಾಟವವನ್ನು ಮೆರೆದರು. ಪಂಚರು ಕುಳಿತಲ್ಲಿಂದ ಏಳದೆಯೆ ಪ್ರಧಾನಿಯ ಪರವಾಗಿ ತೀರ್ಪಿತ್ತರು. ಈ ಇಡೀ ಪ್ರಕರಣದಲ್ಲಿ ಯಾರ ಮಾನದ ವಿಚಾರವಾಗಿ ಇಷ್ಟೆಲ್ಲ ಚರ್ಚೆ ನಡೆಯಿತೋ ಆ ಕೆರೊಲಿನ್ ನಾರ್ಟನ್ ಎಂಬಾಕೆ ಮಾತ್ರ ನ್ಯಾಯಸ್ಥಾನದ ಲೆಕ್ಕಕ್ಕೆ ಬಾರಲಿಲ್ಲ. ಆಕೆ ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ. ಸಾಕ್ಷಿಯಾಗುವ ಅಧಿಕಾರವೂ ಆಕೆಗಿರಲಿಲ್ಲ. ಮನೆಯ ಆಳುಗಳು ಏರಬಹುದಾಗಿದ್ದ ಸಾಕ್ಷಿಕಟ್ಟೆಯನ್ನು ಮನೆಯೊಡತಿ ಏರುವಂತಿರಲಿಲ್ಲ.

ಈ ಸಂಗತಿಯನ್ನು ಮೊದಲಿಗೇ ತಮ್ಮ ಮುಂದಿಟ್ಟುದಕ್ಕೆ ಕಾರಣವಿದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕಾದಂಬರಿಯಲ್ಲಿ ಸ್ತ್ರೀಯ ಸ್ಥಾನಮಾನಗಳನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ಕಥೆಯಲ್ಲಿ ಏನಾಯಿತೆಂಬುದನ್ನು ನೋಡುತ್ತಾರೆ: ಆಕೆ ಎಷ್ಟು ನೊಂದಳು, ಯಾರಿಂದ ನೊಂದಳು, ಕೊನೆಗೆ ಸುಖ ಕಂಡಳೋ ಇಲ್ಲವೋ ಎಂಬುದನ್ನು. ನಾನು ಈ ಸಂಜೆ ವಿಚಾರಿಸಬೇಕೆಂದಿರುವುದು ಬೇರೊಂದು ಪ್ರಶ್ನೆಯನ್ನು. ಆ ಕಥೆಯನ್ನು ಹೇಳುವ ಅಧಿಕಾರ ಯಾರಿಗೆ ದೊರೆತಿದೆ? ನ್ಯಾಯಾಸನದ ಮುಂದೆ ಯಾವ ಹೆಂಡತಿಯ ಮಾತು ಮಾತೆನಿಸಿಕೊಳ್ಳುತ್ತಿರಲಿಲ್ಲವೋ ಅದೇ ಹೆಂಡತಿಯ ಮಾತಿಗೆ ಕಾದಂಬರಿಯು ಆತ್ಮಕಥನವೆಂದೋ ದಿನಚರಿಯೆಂದೋ ಪತ್ರವೆಂದೋ ಒಂದು ಆಸನವನ್ನು ಕಲ್ಪಿಸಿಕೊಟ್ಟಿತು. ಎಷ್ಟೋ ಸಲ ಕೊಟ್ಟಂತೆ ಮಾಡಿ ಕಿತ್ತುಕೊಂಡಿತು. ಕೊಟ್ಟುದನ್ನೂ ಕಿತ್ತುಕೊಂಡುದನ್ನೂ ಒಟ್ಟಿಗೆ ನೋಡದೆ ಆ ಸಾಹಿತ್ಯದ ಹೃದಯ ನಮಗೆ ತಿಳಿಯಲಾರದೆಂದು ನನ್ನ ಭಾವನೆ. ದೂರದ ದ್ವೀಪವೊಂದರ ಕಾನೂನಿಗೂ ನಮಗೂ ಏನು ಸಂಬಂಧವೆಂದು ಕೇಳುವವರಿಗೆ, ಆ ಕಾನೂನು ಹಡಗನ್ನೇರಿ ಮುಂಬಯಿಯ ಬಂದರಿಗೂ ಬಂದಿಳಿಯಿತೆಂಬುದನ್ನು ಮುಂದೆ ನಿವೇದಿಸುತ್ತೇನೆ.

ಮೊದಲು ಕಾನೂನನ್ನು ನೋಡೋಣ. ವಿಲಿಯಂ ಬ್ಲ್ಯಾಕ್‌ಸ್ಟನ್ ಎಂಬ ನ್ಯಾಯಪಂಡಿತನು 1765ರಲ್ಲಿ ಪ್ರಕಟವಾದ ತನ್ನ ಭಾಷ್ಯಗ್ರಂಥದ ಮೊದಲ ಸಂಪುಟದಲ್ಲಿ, ವಿವಾಹದಿಂದ ಪತಿಪತ್ನಿಯರು ಕಾನೂನಿನ ದೃಷ್ಟಿಯಲ್ಲಿ ಒಂದೇ ವ್ಯಕ್ತಿಯಾಗುತ್ತಾರೆಂದೂ, ಆ ಅವಧಿಯಲ್ಲಿ ಪತ್ನಿಯ ಕಾನೂನುಬದ್ಧ ಅಸ್ತಿತ್ವವು ಪತಿಯ ಅಸ್ತಿತ್ವದಲ್ಲಿ ಲೀನವಾಗಿರುತ್ತದೆಂದೂ ನಿರೂಪಿಸಿದ್ದನು. ಅರ್ಧನಾರೀಶ್ವರನ ಕಲ್ಪನೆಯಲ್ಲಿ ಬೆಳೆದ ನಮಗೆ ಇದು ಮೇಲುನೋಟಕ್ಕೆ ಮನೋಹರವಾಗಿಯೇ ಕಂಡೀತು. ಆದರೆ ಅಲ್ಲಿ ಎರಡು ಸೇರಿ ಒಂದಾದ ಮೇಲೆ ಆ ಒಂದು ಗಂಡನೇ. ಮದುವೆಯಾದ ಕ್ಷಣದಲ್ಲಿ ಹೆಂಡತಿಯ ಹಣ, ಒಡವೆ, ಪೀಠೋಪಕರಣ ಮೊದಲಾದ ಜಂಗಮ ಸ್ವತ್ತೆಲ್ಲವೂ ಗಂಡನದಾಗುತ್ತಿತ್ತು. ಭೂಮಿಯ ಆಡಳಿತವೂ ಆದಾಯವೂ ಅವನ ಕೈಸೇರುತ್ತಿದ್ದುವು. ಮದುವೆಯ ನಂತರ ಆಕೆ ದುಡಿದು ಗಳಿಸಿದ ಒಂದೊಂದು ಕಾಸೂ ಅವನದೇ. ಅವನ ಸಮ್ಮತಿಯಿಲ್ಲದೆ ಆಕೆ ಮರಣಶಾಸನವನ್ನು ಬರೆಯುವಂತಿಲ್ಲ. ತನ್ನ ಹೆಸರಿನಲ್ಲಿ ಕರಾರು ಮಾಡಿಕೊಳ್ಳುವಂತಿಲ್ಲ, ದಾವೆ ಹೂಡುವಂತಿಲ್ಲ. ಮಕ್ಕಳ ಮೇಲೆ ತಂದೆಗೇ ಸಮಸ್ತ ಅಧಿಕಾರ. ಶ್ರೀಮಂತರು ಮಾತ್ರ ವಿವಾಹಕ್ಕೆ ಮುನ್ನವೇ ನ್ಯಾಸಪತ್ರವನ್ನು ಬರೆಸಿ, ಹುಡುಗಿಯ ಸ್ವತ್ತನ್ನು ಧರ್ಮದರ್ಶಿಗಳ ವಶಕ್ಕೊಪ್ಪಿಸಿ, ಅಳಿಯನ ಕೈಗೆ ಅದು ಸಿಕ್ಕದಂತೆ ನೋಡಿಕೊಳ್ಳುತ್ತಿದ್ದರು. ತಮ್ಮ ಮಗಳ ವಿಷಯದಲ್ಲಿ ಈ ಎಚ್ಚರವನ್ನು ವಹಿಸಿದ ಶ್ರೀಮಂತರೇ ಸಭಾಸದನದಲ್ಲಿ ಕುಳಿತು ಉಳಿದವರ ಹೆಣ್ಣುಮಕ್ಕಳಿಗೆ ಹಳೆಯ ಕಾನೂನೇ ಸಾಕೆಂದು ಬಹುಕಾಲ ವಾದಿಸಿದರೆಂಬುದು ಗಮನಾರ್ಹ. ನಮ್ಮ ಧರ್ಮಶಾಸ್ತ್ರಕಾರರು ಸ್ತ್ರೀಧನವೆಂಬ ಒಂದು ವರ್ಗವನ್ನು ಪ್ರತ್ಯೇಕವಾಗಿ ಗುರುತಿಸಿದ್ದರು. ಶಾಸ್ತ್ರದಲ್ಲಿ ಹೆಣ್ಣಿನದೆಂದು ಬರೆದದ್ದು ಮನೆಯ ಪೆಟ್ಟಿಗೆಯಲ್ಲಿ ಎಷ್ಟರಮಟ್ಟಿಗೆ ಹೆಣ್ಣಿನದಾಗಿ ಉಳಿಯುತ್ತಿತ್ತೆಂಬುದು ಬೇರೆಯ ಮಾತು.

ಕೆರೊಲಿನ್ ನಾರ್ಟನ್ ಪ್ರಖ್ಯಾತ ನಾಟಕಕಾರ ಶೆರಿಡನ್ನನ ಮೊಮ್ಮಗಳು. ಸ್ವತಃ ಕವಿ, ಕಾದಂಬರಿಗಾರ್ತಿ. 1827ರಲ್ಲಿ ಮದುವೆಯಾದ ಆಕೆ ಗಂಡನ ಕೈಯಲ್ಲಿ ಪೆಟ್ಟು ತಿಂದವಳು. ವ್ಯಾಜ್ಯದಲ್ಲಿ ಆಕೆ ನಿರ್ದೋಷಿಯೆಂದು ಲೋಕಕ್ಕೆ ತಿಳಿದದ್ದೇ ಆಕೆಯ ಪಾಲಿಗೆ ಮತ್ತೊಂದು ಬಂಧನವಾಯಿತು. ತಪ್ಪು ಸಿದ್ಧವಾಗದ ಮೇಲೆ ವಿಚ್ಛೇದನಕ್ಕೆ ಅವಕಾಶವೆಲ್ಲಿ? ಮೂವರು ಗಂಡುಮಕ್ಕಳನ್ನು ತಂದೆ ಆಕೆಯಿಂದ ಅಗಲಿಸಿ ಸ್ಕಾಟ್ಲೆಂಡಿಗೆ ಕಳುಹಿಸಿಬಿಟ್ಟನು. ಆಕೆ ಬರೆದು, ಅಚ್ಚುಹಾಕಿಸಿ, ಸಭಾಸದರನ್ನು ಕಾಡಿ ಬೇಡಿದುದರ ಫಲವಾಗಿ 1839ರಲ್ಲಿ ಒಂದು ಕಾನೂನು ಬಂದಿತು: ಏಳು ವರ್ಷದೊಳಗಿನ ಮಕ್ಕಳನ್ನು ತನ್ನಲ್ಲಿರಿಸಿಕೊಳ್ಳಲು ತಾಯಿಯು, ಆಕೆಯ ನಡತೆ ಶುದ್ಧವಾಗಿದ್ದಲ್ಲಿ, ನ್ಯಾಯಸ್ಥಾನವನ್ನು ಪ್ರಾರ್ಥಿಸಬಹುದೆಂದು. ಆ ಕಾನೂನಿನಿಂದ ಇತರರಿಗೆ ಒದಗಿದಷ್ಟು ಪ್ರಯೋಜನ ಆಕೆಗೆ ಒದಗಲಿಲ್ಲ. ಕಿರಿಯ ಮಗ ವಿಲಿಯಂ 1842ರಲ್ಲಿ ಕುದುರೆಯಿಂದ ಬಿದ್ದು ನಂಜೇರಿ ಸತ್ತಾಗ ತಾಯಿ ಹೋಗಿ ಸೇರುವಷ್ಟರಲ್ಲಿ ಹೊತ್ತು ಮೀರಿತ್ತು. 1853ರಲ್ಲಿ ಜೀವನಾಂಶದ ಪ್ರಶ್ನೆ ಬಂದಾಗ ಗಂಡನು, ತಾನು ಬರೆದುಕೊಟ್ಟ ಕರಾರು ತನ್ನನ್ನು ಕಟ್ಟಿಹಾಕಲಾರದೆಂದು ವಾದಿಸಿದನು. ಗಂಡಹೆಂಡಿರು ಒಂದೇ ವ್ಯಕ್ತಿಯಾದುದರಿಂದ ಒಬ್ಬನು ತನ್ನೊಡನೆ ತಾನೇ ಕರಾರು ಮಾಡಿಕೊಳ್ಳಲು ಬಾರದಷ್ಟೆ! ಇದಾದ ಮರುವರ್ಷವೂ ಅದರ ಮುಂದಿನ ವರ್ಷವೂ ಆಕೆ ಪ್ರಕಟಿಸಿದ ಎರಡು ಪುಸ್ತಿಕೆಗಳು, ಎರಡನೆಯದು ಸಾಕ್ಷಾತ್ ಮಹಾರಾಣಿಗೇ ಬರೆದ ಪತ್ರ, ಇಂದಿಗೂ ಓದಿಸಿಕೊಂಡು ಹೋಗುವಷ್ಟು ತೀಕ್ಷ್ಣವಾಗಿವೆ. ಆದರೆ ಆಕೆ ಸ್ತ್ರೀಪುರುಷ ಸಮಾನತೆಯ ಪ್ರತಿಪಾದಕಿಯಾಗಿರಲಿಲ್ಲ. ಗಂಡಸಿನ ಮೇಲ್ಮೆಯನ್ನು ತಾನು ಒಪ್ಪುವೆನೆಂದೂ, ತಾನು ಕೇಳುತ್ತಿರುವುದು ರಕ್ಷಣೆಯನ್ನು ಮಾತ್ರವೆಂದೂ ಆಕೆ ಸಾರಿದಳು. ಇದನ್ನು ಆಕೆಯ ಚಾತುರ್ಯವೆಂದು ಕೆಲವರು ಕ್ಷಮಿಸುತ್ತಾರೆ. ಅದು ಆಕೆಯ ನಿಜವಾದ ನಂಬಿಕೆಯೇ ಆಗಿದ್ದಿರಬೇಕೆಂದು ನನಗೆ ತೋರುತ್ತದೆ.

ಆ ಕಾಲದ ಗೃಹಿಣೀಧರ್ಮದ ಬೋಧಕರ ವಿಷಯವಾಗಿ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ಸೇರಾ ಸ್ಟಿಕ್ನಿ ಎಲ್ಲಿಸ್ ಎಂಬಾಕೆ ಇಂಗ್ಲೆಂಡಿನ ಹೆಂಗಸರಿಗೂ ಹೆಂಡತಿಯರಿಗೂ ಹೆಣ್ಣುಮಕ್ಕಳಿಗೂ ಬೇರೆಬೇರೆಯಾಗಿ ಉಪದೇಶಗ್ರಂಥಗಳನ್ನು ರಚಿಸಿದಳು. ಕವಂಟ್ರಿ ಪ್ಯಾಟ್‌ಮೋರನು 1854ರಿಂದ ಗೃಹದೇವತೆಯ ಕುರಿತು ದೀರ್ಘಕಾವ್ಯವನ್ನು ಹಾಡಿದನು. ರಸ್ಕಿನ್ನನು ಹೆಣ್ಣನ್ನು ಉದ್ಯಾನದ ರಾಣಿಯಾಗಿ ಕೂಡಿಸಿ, ಉದ್ಯಾನದ ಬೇಲಿಯನ್ನು ದಾಟಕೂಡದೆಂಬುದನ್ನು ಸುಂದರವಾದ ಗದ್ಯದಲ್ಲಿ ತಿಳಿಯಪಡಿಸಿದನು. ನಮ್ಮಲ್ಲಿ ಪತಿವ್ರತಾಮಾಹಾತ್ಮ್ಯದ ಪುಸ್ತಕಗಳನ್ನು ಓದಿ ಬಲ್ಲವರಿಗೆ ಈ ಸಾಹಿತ್ಯದಲ್ಲಿ ಹೊಸತೇನೂ ದೊರೆಯದು.

ಇನ್ನು ಕಾದಂಬರಿಗಳಿಗೆ ಬರೋಣ. 1847ರಲ್ಲಿ ಶಾರ್ಲೆಟ್ ಬ್ರಾಂಟೆ ಗಂಡಸಿನದೋ ಹೆಂಗಸಿನದೋ ತಿಳಿಯದ ಗುಪ್ತನಾಮವೊಂದರಲ್ಲಿ ಪ್ರಕಟಿಸಿದ ‘ಜೇನ್ ಏರ್’ ಒಂದು ಆತ್ಮಕಥೆಯೆಂದು ಮುಖಪುಟದಲ್ಲಿಯೇ ಹೇಳಿಕೊಳ್ಳುತ್ತದೆ. ತಂದೆತಾಯಿಗಳಿಲ್ಲದ, ರೂಪವಿಲ್ಲದ, ಹಣವಿಲ್ಲದ ಉಪಾಧ್ಯಾಯಿನಿಯೊಬ್ಬಳು ‘ನಾನು’ ಎಂದು ತೊಡಗಿ, ತನ್ನನ್ನು ತಾನೇ ನಿರೂಪಿಸಿಕೊಂಡು ಹೋಗುವ ಆ ಧೈರ್ಯವೇ ಆ ಕೃತಿಯ ಪ್ರಾಣ. ಆದರೆ ಅದೇ ಮನೆಯ ಮೇಲಂತಸ್ತಿನಲ್ಲಿ ಇನ್ನೊಬ್ಬ ಹೆಂಗಸಿದ್ದಾಳೆ. ಜಮೈಕಾದಿಂದ 30,000 ಪೌಂಡುಗಳ ವರದಕ್ಷಿಣೆಯೊಡನೆ ಬಂದು, ಹುಚ್ಚಿಯೆನಿಸಿಕೊಂಡು, ಬೀಗಮುದ್ರೆಯೊಳಗೆ ವಾಸಿಸುವ ಬರ್ತಾ ಮೇಸನ್ ಆಕೆ. ಆಕೆಯ ನಗುವನ್ನು ಕೇಳುತ್ತೇವೆ, ಕೂಗನ್ನು ಕೇಳುತ್ತೇವೆ, ಮಾತನ್ನು ಕೇಳುವುದಿಲ್ಲ. ಆಕೆಯ ಚರಿತ್ರೆಯೆಲ್ಲವನ್ನೂ ನಮಗೆ ತಿಳಿಸುವವನು ಗಂಡ ರೋಚೆಸ್ಟರ್. ಅವನು ಆ ಪ್ರಕರಣದಲ್ಲಿ ಆಸಕ್ತ ಪಕ್ಷದವನು, ಎರಡನೆಯ ಮದುವೆಗೆ ಹೊರಟು ಸಿಕ್ಕಿಬಿದ್ದವನು. ಅಂಥವನ ಏಕಪಕ್ಷೀಯ ಹೇಳಿಕೆಯ ಮೇಲೆ ಯಾವ ನ್ಯಾಯಾಧೀಶನೂ ತೀರ್ಪು ಕೊಡಲಾರನು. ಓದುಗರಾದ ನಾವು ನೂರು ವರ್ಷಕ್ಕೂ ಮೀರಿ ಕೊಡುತ್ತ ಬಂದೆವು. ಡೊಮಿನಿಕಾ ದ್ವೀಪದಲ್ಲಿ ಹುಟ್ಟಿದ ಜೀನ್ ರೀಸ್ ಎಂಬ ಲೇಖಕಿ 1966ರಲ್ಲಿ ಬರ್ತಾಳ ಬಾಯಿಗೆ ಮಾತನ್ನು ತಂದುಕೊಟ್ಟ ಮೇಲೆಯೇ ಈ ಅನ್ಯಾಯ ಬಹುಮಂದಿಯ ಅರಿವಿಗೆ ಬಂದದ್ದು.

ಇನ್ನೊಂದು ಚಿಕ್ಕ ಸಂಗತಿ. ಜೇನಳಿಗೆ ಚಿಕ್ಕಪ್ಪನ ಕಡೆಯಿಂದ 20,000 ಪೌಂಡುಗಳು ಬಂದು, ಆಕೆ ಅದನ್ನು ಸೋದರಬಂಧುಗಳೊಡನೆ ನಾಲ್ಕು ಪಾಲು ಮಾಡಿಕೊಂಡು, ಈಗ ನಾನು ಸ್ವತಂತ್ರಳೆಂದು ರೋಚೆಸ್ಟರನ ಬಳಿಗೆ ಮರಳುತ್ತಾಳೆ. ಅವನನ್ನು ಮದುವೆಯಾದೊಡನೆ, ನ್ಯಾಸಪತ್ರವೊಂದು ಇಲ್ಲದಿದ್ದಲ್ಲಿ, ಆ 5,000 ಪೌಂಡುಗಳೂ ಆ ಸ್ವಾತಂತ್ರ್ಯವೂ ಕಾನೂನಿನ ಪ್ರಕಾರ ಅವನಿಗೇ ಸೇರಬೇಕು. ಕಾದಂಬರಿ ಆ ವಿಚಾರದಲ್ಲಿ ಮೌನವಾಗಿದೆ. ಕಾದಂಬರಿಗಾರ್ತಿ ಮಾತ್ರ ತನ್ನ ಸ್ವಂತ ಜೀವನದಲ್ಲಿ ಹಾಗೆ ಮೈಮರೆಯಲಿಲ್ಲ. 1854ರಲ್ಲಿ ತಾನು ಮದುವೆಯಾಗುವ ಮುನ್ನ, ಬರಹದಿಂದ ಗಳಿಸಿದ ಹಣವನ್ನು ನ್ಯಾಸಪತ್ರದ ಮೂಲಕ ಭದ್ರಪಡಿಸಿಯೇ ಪಾದ್ರಿಯ ಕೈಹಿಡಿದಳು.

ಅಕ್ಕನ ಕೀರ್ತಿಯ ನೆರಳಿನಲ್ಲಿ ಮರೆಯಾದ ತಂಗಿ ಆ್ಯನ್ ಬ್ರಾಂಟೆಯ ‘ವೈಲ್ಡ್‌ಫೆಲ್ ಹಾಲಿನ ಒಕ್ಕಲಿತಿ’, 1848ರಲ್ಲಿ ಹೊರಬಂದ ಕೃತಿ, ನನ್ನ ದೃಷ್ಟಿಯಲ್ಲಿ ಈ ವಿಷಯವಾಗಿ ಆ ಶತಮಾನವು ಬರೆದ ಅತ್ಯಂತ ನಿರ್ಭೀತವಾದ ಗ್ರಂಥ. ಇಲ್ಲಿ ಗಂಡ ಆರ್ಥರ್ ಹಂಟಿಂಗ್ಡನ್ ಕಥೆಗಳಲ್ಲಿ ಬರುವ ರಾಕ್ಷಸನಲ್ಲ. ಸುಂದರ, ಹಾಸ್ಯಪ್ರಿಯ, ಸಭೆಯಲ್ಲಿ ಎಲ್ಲರಿಗೂ ಬೇಕಾದವನು, ಮನೆಯಲ್ಲಿ ಕುಡುಕ. ಅವನು ಎಳೆಯ ಮಗನಿಗೂ ಮದ್ಯವನ್ನು ಕುಡಿಸಿ, ತಾಯಿಯನ್ನು ಬೈಯಲು ಕಲಿಸಿ, ಗೆಳೆಯರೊಡನೆ ನಗುತ್ತಾನೆ. ಅವನ ದುರ್ನಡತೆ ಪ್ರತ್ಯಕ್ಷವಾದ ದಿನ ಹೆಂಡತಿ ಹೆಲೆನ್ ತನ್ನ ಶಯನಗೃಹದ ಬಾಗಿಲನ್ನು ಅವನಿಗೆ ಮುಚ್ಚುತ್ತಾಳೆ. ಚಿತ್ರ ಬರೆದು ಮಾರಿ, ಹಣ ಕೂಡಿಸಿ, ಮಗನನ್ನು ಕರೆದುಕೊಂಡು ಓಡಿಹೋಗುವ ಉಪಾಯವನ್ನು ತನ್ನ ದಿನಚರಿಯಲ್ಲಿ ಬರೆಯುತ್ತಾಳೆ. ಒಂದು ರಾತ್ರಿ ಗಂಡನು ಆ ದಿನಚರಿಯನ್ನು ಕಿತ್ತುಕೊಂಡು ಓದಿ, ಬೀಗದ ಕೈಗಳನ್ನು ಕಸಿದು, ಆಕೆಯ ಕುಂಚ ಬಣ್ಣ ಚಿತ್ರಪಟಗಳನ್ನೆಲ್ಲ ಬೆಂಕಿಗೆ ಹಾಕಿಸುತ್ತಾನೆ. ಇದರಲ್ಲಿ ಕಾನೂನಿಗೆ ವಿರುದ್ಧವಾದದ್ದು ಏನೂ ಇಲ್ಲವೆಂಬುದನ್ನು ತಾವು ಗಮನಿಸಬೇಕು. ಸುಟ್ಟದ್ದು ಅವನ ಸ್ವತ್ತನ್ನೇ. ಆಕೆ ಗಳಿಸಲಿದ್ದ ಹಣವೂ ಅವನದೇ. ಕಡೆಗೆ ಆಕೆ ಮಗನನ್ನು ಎತ್ತಿಕೊಂಡು ಮನೆಬಿಟ್ಟು ಹೋದಾಗ ಕಾನೂನಿನ ಕಣ್ಣಿನಲ್ಲಿ ಅಪಹರಣ ಮಾಡಿದವಳು ಆಕೆಯೇ. ಕಥೆಯು 1820ರ ದಶಕದಲ್ಲಿ ನಡೆಯುವುದರಿಂದ 1839ರ ಕಾನೂನಿನ ಅಲ್ಪಸ್ವಲ್ಪ ಆಸರೆಯೂ ಆಕೆಗಿಲ್ಲ.

ಮುಂದೆ ಅವನು ಮರಣಶಯ್ಯೆಯಲ್ಲಿದ್ದಾಗ ಆಕೆ ಶುಶ್ರೂಷೆಗೆಂದು ಮರಳುತ್ತಾಳೆ. ಪಾತಿವ್ರತ್ಯದ ಪ್ರೇಮಿಗಳಿಗೆ ಇದು ಮೆಚ್ಚುಗೆಯಾಗಬಹುದು. ಆದರೆ ಮಗನನ್ನು ಅವನ ಕಣ್ಣಿಗೆ ತೋರಿಸುವುದಕ್ಕೆ ಮುನ್ನ ಆಕೆ, ಮಗುವಿನ ಪೋಷಣೆ ತನಗೆ ಸೇರಿದ್ದೆಂದು ಕಾಗದದಲ್ಲಿ ಬರೆದು ಅವನಿಂದ ರುಜು ಮಾಡಿಸಿಕೊಳ್ಳುತ್ತಾಳೆ. ಗಂಡಹೆಂಡಿರ ನಡುವಣ ಕರಾರಿಗೆ ಯಾವ ಬೆಲೆಯೂ ಇಲ್ಲವೆಂಬುದನ್ನು ಜಾರ್ಜ್ ನಾರ್ಟನ್ ಈ ಕಾದಂಬರಿ ಹೊರಬಂದ ಐದು ವರ್ಷಗಳ ನಂತರ ನ್ಯಾಯಸ್ಥಾನದಲ್ಲಿ ಸಾರಲಿದ್ದನಷ್ಟೆ. ಬೆಲೆಯಿಲ್ಲದ ಆ ಕಾಗದಕ್ಕಾಗಿ ಹೆಲೆನ್ ಹಿಡಿಯುವ ಹಟದಲ್ಲಿ, ತನ್ನ ಮಾತು ಎಲ್ಲಿಯಾದರೂ ಬರಹವಾಗಿ ನಿಲ್ಲಬೇಕೆಂಬ ಆಸೆ ಇದೆ.

ಈ ಕಾದಂಬರಿಯ ರಚನೆಯನ್ನು ವಿಮರ್ಶಕರನೇಕರು ಗೊಂದಲವೆಂದು ದೂರಿದ್ದಾರೆ. ಹೆಲೆನಳ ದಿನಚರಿಯು ಆಕೆಯನ್ನು ಪ್ರೀತಿಸಿದ ಗಿಲ್ಬರ್ಟನ ಕೈಸೇರಿ, ಅವನು ಅದನ್ನು ತನ್ನ ಭಾವನಾದ ಹ್ಯಾಲ್‌ಫರ್ಡನಿಗೆ ಬರೆಯುವ ಪತ್ರಗಳ ನಡುವೆ ಇಡಿಯಾಗಿ ನಕಲು ಮಾಡಿ ಕಳುಹಿಸುತ್ತಾನೆ. ಪತ್ನಿಯ ಅಂತರಂಗದ ಹೇಳಿಕೆಯನ್ನು ಒಬ್ಬ ಗಂಡಸು ಇನ್ನೊಬ್ಬ ಗಂಡಸಿಗೆ ಸ್ನೇಹದ ಕಾಣಿಕೆಯಾಗಿ ದಾಟಿಸುವ ಈ ಏರ್ಪಾಡು ನನಗೂ ಮೊದಲು ಅಸಹಜವಾಗಿ ತೋರಿದ್ದುಂಟು. ಆದರೆ ಹೆಣ್ಣಿನ ಮಾತಿಗೆ ಗಂಡಸಿನ ಲಕೋಟೆಯಿಲ್ಲದೆ ಅಂದು ಸಂಚಾರವಿರಲಿಲ್ಲವೆಂಬುದನ್ನು ಇದಕ್ಕಿಂತ ನಿಷ್ಕೃಷ್ಟವಾಗಿ ಚಿತ್ರಿಸುವ ದಾರಿಯೂ ಕಾಣುವುದಿಲ್ಲ. ಆ್ಯನ್ 1849ರಲ್ಲಿ ಇಪ್ಪತ್ತೊಂಬತ್ತರ ಪ್ರಾಯದಲ್ಲಿ ತೀರಿಕೊಂಡಳು. ಆ ವಸ್ತುವನ್ನು ತಂಗಿ ಆರಿಸಿಕೊಂಡದ್ದೇ ತಪ್ಪೆಂದು ಬಗೆದ ಶಾರ್ಲೆಟ್, ಆ ಕಾದಂಬರಿಯ ಮರುಮುದ್ರಣಕ್ಕೆ ಸಮ್ಮತಿಸಲಿಲ್ಲ. ಹೀಗೆ ಸಾಕ್ಷ್ಯವನ್ನು ತಡೆಹಿಡಿದವಳು ‘ಜೇನ್ ಏರ್’ ಬರೆದ ಅಕ್ಕನೇ ಎಂಬುದು ನೆನೆಯಲು ಕಷ್ಟವಾದರೂ ನಿಜ.

ಸಾಕ್ಷ್ಯದ ಮಾತನ್ನು ನೇರವಾಗಿಯೇ ಹಿಡಿದು ಕಟ್ಟಿದ ಕಾದಂಬರಿ ವಿಲ್ಕಿ ಕಾಲಿನ್ಸನ ‘ಶ್ವೇತವಸನದ ಹೆಂಗಸು’. 1859ರ ಕೊನೆಯಿಂದ ಮುಂದಿನ ವರ್ಷದವರೆಗೆ ಡಿಕನ್ಸನ ವಾರಪತ್ರಿಕೆಯಲ್ಲಿ ಕ್ರಮಶಃ ಪ್ರಕಟವಾಗಿ, ಲಂಡನ್ನಿನ ಜನ ಮುಂದಿನ ಸಂಚಿಕೆಗಾಗಿ ಕಾದು ಕೂರುವಂತೆ ಮಾಡಿದ ಕೃತಿಯಿದು. ನ್ಯಾಯಸ್ಥಾನದಲ್ಲಿ ಹೇಗೋ ಹಾಗೆ ಇಲ್ಲಿಯೂ ಒಬ್ಬೊಬ್ಬ ಸಾಕ್ಷಿಯೂ ತಾನು ಕಂಡಷ್ಟನ್ನು ಹೇಳುತ್ತಾನೆಂದು ಆರಂಭದಲ್ಲಿಯೇ ಘೋಷಣೆ. ಲಾರಾ ಫೇರ್ಲಿ ಎಂಬ ಶ್ರೀಮಂತ ಅನಾಥೆಗೆ 20,000 ಪೌಂಡುಗಳಿವೆ. ಆಕೆ ಮಕ್ಕಳಿಲ್ಲದೆ ಸತ್ತರೆ ಅಷ್ಟೂ ಗಂಡನಿಗೆ ಸೇರಬೇಕೆಂಬ ಷರತ್ತನ್ನು ವಿವಾಹಪತ್ರದಲ್ಲಿ ಸೇರಿಸಬಾರದೆಂದು ಕುಟುಂಬದ ವಕೀಲ ಎಷ್ಟು ಹೇಳಿದರೂ, ತನ್ನ ನೆಮ್ಮದಿಗೆ ಭಂಗ ಬಂದೀತೆಂಬ ಒಂದೇ ಕಾರಣದಿಂದ ಆಕೆಯ ಚಿಕ್ಕಪ್ಪ ಕಿವಿಗೊಡುವುದಿಲ್ಲ. ಆ ಒಂದು ಷರತ್ತಿನಿಂದಲೇ ಮುಂದಿನ ಅನರ್ಥಗಳೆಲ್ಲ ಹುಟ್ಟುತ್ತವೆ: ಆಕೆಯನ್ನು ಹೋಲುವ ಇನ್ನೊಬ್ಬ ದುರ್ದೈವಿಯ ಶವವನ್ನು ಆಕೆಯದೆಂದು ಹೂಳಿ, ಜೀವಂತಳಾದ ಆಕೆಯನ್ನು ಬೇರೆ ಹೆಸರಿನಿಂದ ಹುಚ್ಚರ ಆಸ್ಪತ್ರೆಗೆ ಸೇರಿಸುತ್ತಾರೆ.

ರೋಮಾಂಚಕಾರಿ ಕಥೆಯೆಂದು ಇದನ್ನು ಪಕ್ಕಕ್ಕಿಡುವವರು ಒಂದು ಅಂಶವನ್ನು ಲಕ್ಷಿಸಬೇಕು. ಈ ಕಥೆಗೆ ಚಿತ್ರಕಲೆಯ ಉಪಾಧ್ಯಾಯ ಸಾಕ್ಷಿ ನುಡಿಯುತ್ತಾನೆ, ವಕೀಲ ನುಡಿಯುತ್ತಾನೆ, ರೋಗಿಷ್ಠ ಚಿಕ್ಕಪ್ಪ ಗೊಣಗುತ್ತ ನುಡಿಯುತ್ತಾನೆ, ಓದುಬರಹ ಬಾರದ ಅಡಿಗೆಯವಳು ಹೇಳಿ ಬರೆಸಿ ಗುರುತು ಹಾಕುತ್ತಾಳೆ, ವೈದ್ಯ ನುಡಿಯುತ್ತಾನೆ, ಅಪರಾಧಿಯಾದ ಕೌಂಟ್ ಫಾಸ್ಕೊ ಕೂಡ ಸವಿಸ್ತಾರವಾಗಿ, ಆತ್ಮಪ್ರಶಂಸೆಯೊಡನೆ ನುಡಿಯುತ್ತಾನೆ, ಸಮಾಧಿಯ ಕಲ್ಲಿಗೂ ಅದರ ಹೆಸರಿನಲ್ಲಿ ಒಂದು ಹೇಳಿಕೆಯಿದೆ. ಯಾರ ಹೆಸರನ್ನೂ ಹಣವನ್ನೂ ಬುದ್ಧಿಯನ್ನೂ ಅಪಹರಿಸಲಾಯಿತೋ ಆ ಲಾರಾಳಿಗೆ ಮಾತ್ರ ಒಂದು ಪುಟವೂ ಇಲ್ಲ. ಆಕೆ ಅನುಭವಿಸಿದ್ದನ್ನು ಆಕೆಯ ಪರವಾಗಿ ಮತ್ತೊಬ್ಬರು ಸಂಗ್ರಹಿಸಿ ಹೇಳುತ್ತಾರೆ. ಅಕ್ಕ ಮೇರಿಯನ್ ಬರೆಯುವ ದಿನಚರಿಯಾದರೋ ಆ ಕೃತಿಯಲ್ಲಿನ ಅತ್ಯಂತ ತೇಜಸ್ವಿಯಾದ ಬರಹ. ಆಕೆ ಜ್ವರದಿಂದ ಮಲಗಿದ ವೇಳೆಯಲ್ಲಿ ಫಾಸ್ಕೊ ಆ ದಿನಚರಿಯನ್ನು ಓದಿ, ಮೆಚ್ಚಿ, ಕೊನೆಗೆ ತನ್ನ ಕೈಯಿಂದಲೇ ಒಂದು ಪ್ರಶಸ್ತಿಯನ್ನು ಬರೆದಿಡುತ್ತಾನೆ. ಹಂಟಿಂಗ್ಡನ್ ಹೆಂಡತಿಯ ದಿನಚರಿಯನ್ನು ಓದಿ ಆಕೆಯ ಕುಂಚ ಬಣ್ಣಗಳನ್ನು ಸುಟ್ಟನು. ಫಾಸ್ಕೊ ಓದಿ ಮೆಚ್ಚಿದನು. ಎರಡನೆಯದು ಹೆಚ್ಚು ಭಯಂಕರವೆಂದು ನನಗೆ ಅನ್ನಿಸುತ್ತದೆ.

ಕಾಲಿನ್ಸನ ಗುರುವೂ ಗೆಳೆಯನೂ ಆಗಿದ್ದ ಡಿಕನ್ಸನ ಮನೆಯಲ್ಲಿಯೇ ಇದಕ್ಕೆ ಹೋಲಿಕೆಯಾಗುವ ಸಂಗತಿ ನಡೆದಿತ್ತು. ಇಪ್ಪತ್ತೆರಡು ವರ್ಷಗಳ ದಾಂಪತ್ಯ, ಹತ್ತು ಮಕ್ಕಳು. ಆಮೇಲೆ 1858ರಲ್ಲಿ ಆತ ಪತ್ನಿ ಕ್ಯಾಥರಿನಳನ್ನು ಮನೆಯಿಂದ ಬೇರೆಯಿರಿಸಿ, ತನ್ನ ಪಕ್ಷದ ಹೇಳಿಕೆಯನ್ನು ತನ್ನದೇ ಪತ್ರಿಕೆಯಲ್ಲಿ ಅಚ್ಚುಮಾಡಿದನು. ಆಕೆಗೆ ಪತ್ರಿಕೆಯಿರಲಿಲ್ಲ. ಇಪ್ಪತ್ತೊಂದು ವರ್ಷಗಳ ತರುವಾಯ ತನ್ನ ಅಂತ್ಯಕಾಲದಲ್ಲಿ ಆಕೆ, ಗಂಡನು ತನಗೆ ಬರೆದಿದ್ದ ಹಳೆಯ ಪತ್ರಗಳ ಕಟ್ಟನ್ನು ಮಗಳ ಕೈಗಿತ್ತು, ಅವನು ಒಂದು ಕಾಲದಲ್ಲಿ ತನ್ನನ್ನು ಪ್ರೀತಿಸಿದ್ದನೆಂಬುದು ಲೋಕಕ್ಕೆ ತಿಳಿಯುವಂತೆ ಇವುಗಳನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ಒಪ್ಪಿಸೆಂದು ಹೇಳಿದಳು. ತನ್ನ ಸಾಕ್ಷ್ಯವಾಗಿ ಆಕೆ ಒಪ್ಪಿಸಬಲ್ಲವಳಾಗಿದ್ದುದು ಗಂಡನ ಬರಹವನ್ನೇ.

ಸುಖದಾಂಪತ್ಯದಲ್ಲಿಯೂ ಕಾನೂನು ತನ್ನ ಕೆಲಸವನ್ನು ಮಾಡದೆ ಇರುತ್ತಿರಲಿಲ್ಲ. ಎಲಿಜಬೆತ್ ಗ್ಯಾಸ್ಕೆಲ್ ತನ್ನ ಕಥೆಯೊಂದಕ್ಕೆ ಡಿಕನ್ಸನಿಂದ ಬಂದ 20 ಪೌಂಡುಗಳನ್ನು ಗಂಡನು ಪ್ರಶಾಂತವಾಗಿ ಜೇಬಿಗಿಳಿಸಿ ಗುಂಡಿ ಹಾಕಿಕೊಂಡದ್ದನ್ನು ಗೆಳತಿಗೆ ನಗುನಗುತ್ತ ಬರೆದಿದ್ದಾಳೆ. ಗಂಡ ಒಳ್ಳೆಯವನೇ. ಆದರೂ 1856ರಲ್ಲಿ ಬಾರ್ಬರಾ ಲೀ ಸ್ಮಿತ್ ಮತ್ತು ಆಕೆಯ ಗೆಳತಿಯರು ವಿವಾಹಿತ ಸ್ತ್ರೀಯರ ಸ್ವತ್ತಿನ ಹಕ್ಕಿಗಾಗಿ ಮಹಾಜನರ ರುಜುಗಳನ್ನು ಸಂಗ್ರಹಿಸಿ ಪಾರ್ಲಿಮೆಂಟಿಗೆ ಅರ್ಜಿಯನ್ನೊಪ್ಪಿಸಿದಾಗ ಗ್ಯಾಸ್ಕೆಲ್ಲಳ ರುಜು ಅದರಲ್ಲಿತ್ತು. ಮುಂದೆ ಜಾರ್ಜ್ ಎಲಿಯಟ್ ಎಂದು ಪ್ರಸಿದ್ಧಳಾದ ಮೇರಿಯನ್ ಎವಾನ್ಸಳ ರುಜುವೂ ಇತ್ತು. ಈಕೆಯದು ವಿಚಿತ್ರವಾದ ಸ್ಥಿತಿ. ವಿಚ್ಛೇದನ ಪಡೆಯಲಾರದ ಲೂಯಿಸ್ ಎಂಬಾತನೊಡನೆ ಮದುವೆಯಿಲ್ಲದೆ ಬಾಳಿದ್ದರಿಂದ ಮರ್ಯಾದಸ್ಥರ ಮನೆಗಳ ಬಾಗಿಲು ಆಕೆಗೆ ಮುಚ್ಚಿದ್ದುವು. ಮದುವೆಯಿಲ್ಲದ ಕಾರಣದಿಂದಲೇ ಆಕೆಯ ಗಳಿಕೆ ಕಾನೂನಿನಲ್ಲಿ ಆಕೆಯದಾಗಿಯೇ ಉಳಿಯಿತು.

ಆಕೆಯ ‘ಮಿಡ್ಲ್‌ಮಾರ್ಚ್’ ಕಾದಂಬರಿಯಲ್ಲಿ (1871-72) ವೃದ್ಧ ಪಂಡಿತ ಕಸಾಬನ್ ಸಾಯುವ ಮುನ್ನ ತನ್ನ ಮರಣಶಾಸನಕ್ಕೆ ಒಂದು ಅನುಬಂಧವನ್ನು ಸೇರಿಸುತ್ತಾನೆ: ತರುಣಿಯಾದ ಪತ್ನಿ ಡೊರೊಥಿಯಾ ತನ್ನ ಬಂಧುವಾದ ಲ್ಯಾಡಿಸ್ಲಾನನ್ನು ಮದುವೆಯಾದಲ್ಲಿ ಆಸ್ತಿಯೆಲ್ಲವನ್ನೂ ಕಳೆದುಕೊಳ್ಳತಕ್ಕದ್ದು. ಸತ್ತವನ ಕೈ ಬದುಕಿದವಳ ಕೊರಳ ಮೇಲಿರುವ ಈ ಸನ್ನಿವೇಶವನ್ನು ಇಂಗ್ಲಿಷ್ ವಿಮರ್ಶಕರು ಕಸಾಬನನ ವೈಯಕ್ತಿಕ ಕ್ಷುದ್ರತೆಯೆಂದು ವರ್ಣಿಸುವುದು ವಾಡಿಕೆ. ಇಂಡಿಯಾದಲ್ಲಿ 1856ರಲ್ಲಿ ವಿಧವಾವಿವಾಹವನ್ನು ಶಾಸನಬದ್ಧಗೊಳಿಸಿದ ಕಾಯಿದೆಯ ಎರಡನೆಯ ಕಲಮನ್ನು ಅವರು ಓದಿದ್ದಿದ್ದರೆ, ಮರುಮದುವೆಯಾದ ಹಿಂದೂ ವಿಧವೆಯು ಮೊದಲ ಗಂಡನ ಆಸ್ತಿಯಲ್ಲಿನ ಹಕ್ಕನ್ನು ಬಿಟ್ಟುಕೊಡತಕ್ಕದ್ದೆಂಬ ವಿಧಿಯನ್ನು ಅಲ್ಲಿ ಕಾಣುತ್ತಿದ್ದರು. ಕಸಾಬನನು ಒಬ್ಬನ ವಿಷಯದಲ್ಲಿ ವಿಧಿಸಿದ್ದನ್ನು ನಮ್ಮ ಉದಾರವಾದ ಕಾಯಿದೆ ಸರ್ವರ ವಿಷಯದಲ್ಲಿಯೂ ವಿಧಿಸಿತ್ತು.

ಕಾನೂನು ತೆವಳುತ್ತ ತೆವಳುತ್ತ ಬದಲಾಯಿತು. 1857ಕ್ಕೆ ಮುಂಚೆ ಮರುಮದುವೆಗೆ ಅವಕಾಶವಿರುವ ವಿಚ್ಛೇದನವು ಪಾರ್ಲಿಮೆಂಟಿನ ವಿಶೇಷ ಶಾಸನದಿಂದಲೇ ದೊರೆಯಬೇಕಿತ್ತು. ಅದನ್ನು ಪಡೆದ ಹೆಂಗಸರು ಒಟ್ಟು ನಾಲ್ವರು. 1857ರ ಕಾಯಿದೆಯ ಮೇರೆಗೆ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಸಾಕು. ಹೆಂಡತಿಗೆ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವೋ ಪರಿತ್ಯಾಗವೋ ಇನ್ನೊಂದು ಘೋರವಾದ ಅಪರಾಧ ಬೇಕು. ವ್ಯಭಿಚಾರದ ವ್ಯಾಜ್ಯಗಳಲ್ಲಿ ಗಂಡಹೆಂಡಿರು ಸಾಕ್ಷಿಕಟ್ಟೆಯನ್ನೇರಲು ಅನುಮತಿ ದೊರೆತದ್ದು 1869ರಲ್ಲಿ. ಸ್ವಂತ ಗಳಿಕೆಯ ಮೇಲೆ ಹೆಂಡತಿಗೆ ಹಕ್ಕು ಬಂದದ್ದು 1870ರಲ್ಲಿ. ಸಮಸ್ತ ಸ್ವತ್ತಿನ ಮೇಲೆ 1882ರಲ್ಲಿ. ಗಂಡನ ಮನೆಗೆ ಮರಳೆಂಬ ನ್ಯಾಯಸ್ಥಾನದ ಆಜ್ಞೆಯನ್ನು ಮೀರಿದವರನ್ನು ಸೆರೆಮನೆಗೆ ಕಳುಹಿಸುವ ಪದ್ಧತಿಯನ್ನು ಇಂಗ್ಲೆಂಡು 1884ರಲ್ಲಿ ರದ್ದುಮಾಡಿತು.

ಅದೇ 1884ರಲ್ಲಿ ಮುಂಬಯಿಯಲ್ಲಿ ದಾದಾಜಿ ಭಿಕಾಜಿ ಎಂಬಾತನು ತನ್ನ ಪತ್ನಿ ರುಖ್ಮಾಬಾಯಿ ತನ್ನ ಮನೆಗೆ ಬರತಕ್ಕದ್ದೆಂದು ದಾವೆ ಹೂಡಿದನು. ಹನ್ನೊಂದರ ವಯಸ್ಸಿನಲ್ಲಿ ಮದುವೆಯಾಗಿ, ಮಲತಂದೆ ಡಾಕ್ಟರ್ ಸಖಾರಾಮ ಅರ್ಜುನರ ಮನೆಯಲ್ಲಿಯೇ ಬೆಳೆದು ಓದಿದ ಆಕೆ, ತಿಳಿವು ಬಾರದ ಕಾಲದಲ್ಲಿ ತನ್ನ ಒಪ್ಪಿಗೆಯಿಲ್ಲದೆ ನಡೆದ ಮದುವೆಯ ಹೆಸರಿನಲ್ಲಿ ತಾನು ಹೋಗಲಾರೆನೆಂದಳು. ಇಂತಹ ದಾವೆ ನಮ್ಮ ಯಾವ ಸ್ಮೃತಿಯಲ್ಲಿಯೂ ಇಲ್ಲ. ಇಂಗ್ಲೆಂಡಿನ ಚರ್ಚಿನ ನ್ಯಾಯಸ್ಥಾನಗಳಲ್ಲಿ ಹುಟ್ಟಿದ ಪರಿಹಾರವದು. ಅದನ್ನೆತ್ತಿ ತೋರಿಸಿ ನ್ಯಾಯಮೂರ್ತಿ ಪಿನ್ಹಿ 1885ರಲ್ಲಿ ದಾವೆಯನ್ನು ವಜಾ ಮಾಡಿದರು. ಮರುವರ್ಷ ಮೇಲ್ಮನವಿಯಲ್ಲಿ ಆ ತೀರ್ಪು ಬಿದ್ದುಹೋಯಿತು. 1887ರ ಮಾರ್ಚಿಯಲ್ಲಿ ನ್ಯಾಯಮೂರ್ತಿ ಫ್ಯಾರನ್, ಒಂದು ತಿಂಗಳೊಳಗಾಗಿ ಗಂಡನ ಮನೆಗೆ ಹೋಗಬೇಕು, ತಪ್ಪಿದಲ್ಲಿ ಆರು ತಿಂಗಳವರೆಗೆ ಸೆರೆವಾಸವೆಂದು ಆಜ್ಞಾಪಿಸಿದರು. ತನ್ನ ಹೆಣ್ಣುಮಕ್ಕಳಿಗೆ ಬೇಡವೆಂದು ಇಂಗ್ಲೆಂಡು ಬಿಟ್ಟ ಸೆರೆಮನೆ ಇಂಡಿಯಾದ ಪ್ರಕ್ರಿಯಾಸಂಹಿತೆಯಲ್ಲಿ ಇನ್ನೂ ಇದ್ದಿತು. ಸೆರೆಮನೆಗೇ ಹೋಗುತ್ತೇನೆಂದು ಆಕೆ ಉತ್ತರ ಕೊಟ್ಟಳು. ಪುಣೆಯಲ್ಲಿ ತಿಲಕರ ಪತ್ರಿಕೆಗಳು ಧರ್ಮಕ್ಕೆ ಗಂಡಾಂತರ ಬಂದಿತೆಂದು ಬರೆದುವು. ಪರದೇಶದಿಂದ ಬಂದ ದಾವೆಯೊಂದು ಸನಾತನಧರ್ಮದ ಪ್ರಾಣವಾಗಿಬಿಟ್ಟ ಈ ಪವಾಡವನ್ನು ಅಂದಿನ ಸಂಪ್ರದಾಯಸ್ಥರು ಗಮನಿಸಿದಂತೆ ತೋರುವುದಿಲ್ಲ.

1888ರಲ್ಲಿ 2,000 ರೂಪಾಯಿಗಳಿಗೆ ರಾಜಿಯಾಗಿ, ರುಖ್ಮಾಬಾಯಿ ಲಂಡನ್ನಿಗೆ ಹೋಗಿ ವೈದ್ಯಶಾಸ್ತ್ರವನ್ನು ಓದಿ, ಮರಳಿ ಸೂರತ್ ಮೊದಲಾದ ಕಡೆಗಳಲ್ಲಿ ದೀರ್ಘಕಾಲ ವೈದ್ಯರಾಗಿದ್ದು, 1955ರಲ್ಲಿ ತೀರಿಕೊಂಡರು. ನನ್ನ ವಿಷಯಕ್ಕೆ ಸಂಬಂಧಪಟ್ಟುದು ಅದಕ್ಕಿಂತಲೂ ಮುಂಚಿನದು. ದಾವೆ ನಡೆಯುತ್ತಿದ್ದಾಗಲೇ, 1885ರಲ್ಲಿ, ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ಬಾಲ್ಯವಿವಾಹವನ್ನೂ ವೈಧವ್ಯವನ್ನೂ ಕುರಿತು, ಹಿಂದೂ ಮಹಿಳೆಯೊಬ್ಬಳು ಎಂಬ ಅಂಕಿತದಲ್ಲಿ ಬಂದ ಪತ್ರಗಳು ಆಕೆಯವು. ಹೆಲೆನ್ ಹಂಟಿಂಗ್ಡನ್ ಕಲ್ಪಿತ ವ್ಯಕ್ತಿ. ಆಕೆಯ ದಿನಚರಿಗೆ ಗಿಲ್ಬರ್ಟನ ಲಕೋಟೆ ಬೇಕಾಯಿತು. ರುಖ್ಮಾಬಾಯಿಯ ಪತ್ರ ಸಂಪಾದಕನ ಕೈಗೆ ನೇರವಾಗಿ ಹೋಯಿತು, ಹೆಸರನ್ನು ಮಾತ್ರ ಮರೆಮಾಚಿಕೊಂಡು.

ನಮ್ಮ ಭಾಷೆಯಲ್ಲಿ ಆ ಶತಮಾನ ಮುಗಿಯುವ ಹೊತ್ತಿಗೆ, 1899ರಲ್ಲಿ, ಮಂಗಳೂರಿನಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಅಚ್ಚಾಯಿತು. ಬಾಲವಿಧವೆಯಾದ ಇಂದಿರೆ ಮನೆಯವರ ಹಾಗೂ ಕಪಟ ಸಂತರ ಹಿಡಿತದಿಂದ ತಪ್ಪಿಸಿಕೊಂಡು, ಓದಿ, ಮರುಮದುವೆಯಾಗುವ ಕಥೆಯದು. ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನು ಮೈಸೂರು ಸಂಸ್ಥಾನವು ನಿಷೇಧಿಸಿ ಆಗ ಐದು ವರ್ಷಗಳಷ್ಟೇ ಆಗಿದ್ದುವು. ವೆಂಕಟರಾಯರ ಸಹಾನುಭೂತಿ ಪ್ರಾಮಾಣಿಕವಾದದ್ದು, ಅವರ ಹಾಸ್ಯ ಹರಿತವಾದದ್ದು. ಇಂದಿರೆಯ ಪಕ್ಷವನ್ನು ಅವರು ಸಮರ್ಥನಾದ ನ್ಯಾಯವಾದಿಯಂತೆ ಮಂಡಿಸುತ್ತಾರೆ. ಕನ್ನಡದಲ್ಲಿ ಆ ಸ್ಥಿತಿಯನ್ನು ಬಲ್ಲವಳೇ ಲೇಖನಿ ಹಿಡಿಯುವುದಕ್ಕೆ ನಂಜನಗೂಡಿನ ತಿರುಮಲಾಂಬ ಬರಬೇಕಾಯಿತು. ಎಳೆಯ ಪ್ರಾಯದಲ್ಲಿಯೇ ವಿಧವೆಯಾದ ಆಕೆ 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನು ತಾವೇ ತೊಡಗಿ, ತಮ್ಮ ಕಾದಂಬರಿಗಳನ್ನು ತಾವೇ ಪ್ರಕಟಿಸಿದರು. ಆದರೆ ಆ ಕಾದಂಬರಿಗಳಲ್ಲಿ ಹೆಲೆನಳನ್ನೋ ರುಖ್ಮಾಬಾಯಿಯನ್ನೋ ಹುಡುಕಿಕೊಂಡು ಹೋಗುವವರಿಗೆ ಬಹುಮಟ್ಟಿಗೆ ದೊರೆಯುವವರು ತಾಳ್ಮೆಯ ಸತಿಯರು. ಇದನ್ನು ಆಕೆಯ ದೌರ್ಬಲ್ಯವೆಂದು ಬರೆದವರಿದ್ದಾರೆ. ನಾನು ಹಾಗೆ ಬರೆಯಲಾರೆ. ತನ್ನದೇ ಪತ್ರಿಕೆ, ತನ್ನದೇ ಗ್ರಂಥಮಾಲೆ ಕೈಯಲ್ಲಿದ್ದ ಹೆಂಗಸು ಆ ಮಾತನ್ನೇ ಏಕೆ ಆಡಿದಳೆಂಬುದನ್ನು, ಆಕೆಯ ಪುಸ್ತಕಗಳನ್ನು ಒಂದೊಂದಾಗಿ ಮುಂದಿಟ್ಟುಕೊಂಡು ವಿಚಾರಿಸಬೇಕು. ಅದಕ್ಕೆ ಇನ್ನೊಂದು ಸಂಜೆಯೂ ನನಗಿಂತ ಹೆಚ್ಚು ಓದಿದ ಉಪನ್ಯಾಸಕರೂ ಬೇಕಾದುದರಿಂದ, ಆ ವಿಷಯವನ್ನು ಈ ದತ್ತಿ ಉಪನ್ಯಾಸದ ಮುಂದಿನ ವರ್ಷಗಳಿಗೆ ಬಿಟ್ಟು ನನ್ನ ಮಾತನ್ನು ನಿಲ್ಲಿಸುತ್ತೇನೆ.